ಬಡವರ ಸರೌಂಡ್ ಸೌಂಡು: ಒಂದು ತುಂಡು ವೈರಿನ ಇತಿಹಾಸ

ಮನೆಯಲ್ಲಿ ಸಿನಿಮಾ ಥಿಯೇಟರಿನ ಥರ ಸುತ್ತಲಿಂದಲೂ ಸೌಂಡು ಬರಬೇಕು ಅಂದ್ರೆ ಎಷ್ಟು ದುಡ್ಡು ಬೇಕು? ಈ ಪ್ರಶ್ನೆಗೆ ಶೋರೂಮಿನವರು ಕೊಡೋ ಉತ್ತರ ಒಂದು, ಇತಿಹಾಸ ಕೊಡೋ ಉತ್ತರ ಇನ್ನೊಂದು. ಶೋರೂಮಿನವರ ಉತ್ತರ ನಿಮಗೆಲ್ಲ ಗೊತ್ತಿರೋದೇ, ಇಎಂಐ ಲೆಕ್ಕ ಸಮೇತ. ಇತಿಹಾಸದ ಉತ್ತರ ಮಾತ್ರ ಯಾರೂ ಹೇಳೋದಿಲ್ಲ. ಸರೌಂಡ್ ಸೌಂಡಿನ ಕತೆ ಹೇಳುವವರು ಡಿಸ್ನಿಯಿಂದ ಶುರು ಮಾಡಿ, ಡಾಲ್ಬಿಯಲ್ಲಿ ಊಟ ಮುಗಿಸಿ, ಅಟ್ಮಾಸ್‌ನಲ್ಲಿ ಎಲೆ ಅಡಿಕೆ ಹಾಕಿಕೊಂಡು ಎದ್ದುಬಿಡುತ್ತಾರೆ. ಆ ದಾರಿಯ ಮಧ್ಯೆ ಕೈಯಲ್ಲಿ ಕಾಸಿಲ್ಲದವರು, ಅಥವಾ ಕಾಸಿಲ್ಲದವರ ಬಗ್ಗೆ ಯೋಚಿಸಿದವರು ಮಾಡಿದ ಕೆಲಸವೇ ನನ್ನ ಮಟ್ಟಿಗೆ ಇಡೀ ಕತೆಯ ಸ್ವಾರಸ್ಯ. ಅದನ್ನು ಒಂದು ಕಡೆ ಬರೆದಿಡೋಣ ಅಂತ ಈ ಪೋಸ್ಟು.

ಡಿಸ್ನಿಯಿಂದಲೇ ಶುರು ಮಾಡೋಣ, ಬೇಗ ಮುಗಿಸಿಬಿಡೋಣ. 1940ರಲ್ಲಿ 'ಫ್ಯಾಂಟೇಸಿಯಾ' ಬಂತು. ಸಂಗೀತವೇ ಮುಖ್ಯವಾದ ಚಿತ್ರ ಅದು, ಆದ್ದರಿಂದ ವಾಲ್ಟ್ ಡಿಸ್ನಿಗೆ ವಾದ್ಯಗಳ ದನಿ ಥಿಯೇಟರಿನ ತುಂಬ ಓಡಾಡಬೇಕಿತ್ತು. ಅದಕ್ಕಾಗಿ ಮಾಡಿದ ವ್ಯವಸ್ಥೆಯ ಹೆಸರು ಫ್ಯಾಂಟಸೌಂಡ್. ಚಿತ್ರದ ರೀಲಿನ ಜೊತೆಗೆ ಧ್ವನಿಗಾಗಿಯೇ ಇನ್ನೊಂದು ರೀಲು. ಅದರಲ್ಲಿ ಮೂರು ಧ್ವನಿ ಟ್ರ್ಯಾಕು, ಜೊತೆಗೆ ಯಾವಾಗ ಯಾವುದು ಜೋರಾಗಬೇಕು ಅಂತ ಹೇಳುವ ನಾಲ್ಕನೆಯ ಟ್ರ್ಯಾಕು. ಒಂದೊಂದು ಥಿಯೇಟರಿಗೂ ಲಾರಿಗಟ್ಟಲೆ ವಾಲ್ವ್ ಉಪಕರಣ. ಖರ್ಚು ಎಷ್ಟಾಯಿತೆಂದರೆ ಬೆರಳೆಣಿಕೆಯ ಊರುಗಳಲ್ಲಿ ಮಾತ್ರ ಅದನ್ನು ಕೂರಿಸಲಾಯಿತು, ಉಳಿದ ಊರುಗಳಿಗೆ ಆಮೇಲೆ ಹೋಗಿದ್ದು ಮಾಮೂಲಿ ಮೋನೋ ಪ್ರಿಂಟು.

ಇದರಲ್ಲಿ ನನಗೆ ಇಷ್ಟವಾಗೋದು ಒಂದೇ ಸಂಗತಿ. ಈ ಧ್ವನಿ ಉಪಕರಣಗಳನ್ನು ಪರೀಕ್ಷೆ ಮಾಡಲು ಡಿಸ್ನಿಯವರಿಗೆ ಆಸಿಲೇಟರುಗಳು ಬೇಕಾದವು. ಪಾಲೋ ಆಲ್ಟೋದ ಒಂದು ಕಾರ್ ಶೆಡ್ಡಿನಲ್ಲಿ ಆಗ ತಾನೆ ಕಂಪನಿ ಶುರು ಮಾಡಿದ್ದ ಇಬ್ಬರು ಹುಡುಗರಿಂದ ಎಂಟು ಕೊಂಡರು, ತಲಾ 71.50 ಡಾಲರಿಗೆ. ಹುಡುಗರ ಹೆಸರು ಹ್ಯೂಲೆಟ್ ಮತ್ತು ಪ್ಯಾಕರ್ಡ್ :-) ಆ ಕಾಲಕ್ಕೆ ಅದು ತೀರಾ ಅಗ್ಗ. ಹೇಗೆ ಸಾಧ್ಯವಾಯಿತು ಅಂದ್ರೆ, ಆಸಿಲೇಟರಿನ ಸದ್ದಿನ ಮಟ್ಟ ಏರುಪೇರಾಗದಂತೆ ತಡೆಯಲು ಬಿಲ್ ಹ್ಯೂಲೆಟ್ ಒಂದು ಪುಟ್ಟ ಲೈಟ್ ಬಲ್ಬನ್ನು ಸರ್ಕ್ಯೂಟಿನೊಳಗೆ ಹಾಕಿದ್ದ. ಕರೆಂಟು ಹೆಚ್ಚಾದರೆ ಬಲ್ಬಿನ ತಂತಿ ಬಿಸಿಯಾಗಿ ರೆಸಿಸ್ಟನ್ಸ್ ಏರುತ್ತದೆ, ಸದ್ದು ತಾನಾಗಿ ತಗ್ಗುತ್ತದೆ. ಅಷ್ಟೇ. ಅತಿ ದುಬಾರಿ ಸೌಂಡ್ ಸಿಸ್ಟಮ್ಮಿನ ಹಿಂದೆ ಒಂದು ಪುಡಿಗಾಸಿನ ಬಲ್ಬು!

ಮನೆಯ ವಿಷಯಕ್ಕೆ ಬರೋಣ. 1950ರ ದಶಕದ ಹೊತ್ತಿಗೆ ಒಳ್ಳೆ ಬಾಸ್ ಬೇಕು ಅಂದ್ರೆ ಸ್ಪೀಕರ್ ಪೆಟ್ಟಿಗೆ ಹೆಚ್ಚುಕಡಿಮೆ ಬೀರು ಗಾತ್ರದ್ದಿರಬೇಕಿತ್ತು. ದೊಡ್ಡ ಮನೆ ಇದ್ದವರಿಗೆ ಮಾತ್ರ ಹೈಫೈ. ಅಮೆರಿಕದ ಎಡ್ಗರ್ ವಿಲ್ಚರ್ ಅನ್ನುವ ಮೇಷ್ಟ್ರು ಇದನ್ನು ತಲೆಕೆಳಗು ಮಾಡಿದ. ಸ್ಪೀಕರಿನ ಕೋನನ್ನು ಹಿಂದಕ್ಕೆಳೆಯಲು ಬಿಗಿಯಾದ ರಟ್ಟಿನ ಅಂಚು ಯಾಕೆ ಬೇಕು? ಅಂಚನ್ನು ಸಡಿಲ ಬಿಟ್ಟು, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿದರೆ ಒಳಗಿನ ಗಾಳಿಯೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ ಅನ್ನೋದು ಅವನ ಲೆಕ್ಕ. ಹೆಸರಾಂತ ಕಂಪನಿಗಳಿಗೆ ಹೋಗಿ ಕೇಳಿದ, ಯಾರೂ ಸೊಪ್ಪು ಹಾಕಲಿಲ್ಲ. ಕೊನೆಗೆ ತನ್ನ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್ ಜೊತೆ ಸೇರಿ 1954ರಲ್ಲಿ ಅಕೌಸ್ಟಿಕ್ ರಿಸರ್ಚ್ ಅನ್ನೋ ಕಂಪನಿ ತೆಗೆದ. ಪುಸ್ತಕದ ಕಪಾಟಿನಲ್ಲಿ ಕೂರುವ ಪೆಟ್ಟಿಗೆಯಿಂದ ನಿಜವಾದ ಬಾಸ್ ಬರತೊಡಗಿತು. ಅವರ ಎರಡನೆಯ ಮಾಡೆಲ್ಲು 100 ಡಾಲರಿಗಿಂತ ಕಡಿಮೆಗೇ ಸಿಕ್ಕಿತು.

ಈ ಹೆನ್ರಿ ಕ್ಲಾಸ್ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ನಮ್ಮ ಬೆಂಗಳೂರಿನವರೆಗೂ ಬರುತ್ತಾನೆ.

ಈಗ ನಮ್ಮ ಕಥಾನಾಯಕ. ಡೇವಿಡ್ ಹ್ಯಾಫ್ಲರ್, ಫಿಲಡೆಲ್ಫಿಯಾದವನು. 1955ರಲ್ಲಿ ಎಡ್ ಲಾರೆಂಟ್ ಜೊತೆ ಡೈನಾಕೊ ಅನ್ನೋ ಕಂಪನಿ ಕಟ್ಟಿದ. ಇವರ ವ್ಯಾಪಾರದ ಗುಟ್ಟು ಇಷ್ಟೇ: ಆಂಪ್ಲಿಫೈಯರನ್ನು ಬಿಡಿಭಾಗಗಳಾಗಿ ಡಬ್ಬದಲ್ಲಿ ಹಾಕಿ ಕೊಡೋದು, ಜೊತೆಗೆ ಯಾವ ವೈರು ಎಲ್ಲಿಗೆ ಅಂತ ಹಂತ ಹಂತವಾಗಿ ಬರೆದ ಪುಸ್ತಕ. ಬೆಸುಗೆ ಹಾಕಲು ಬಂದರೆ ಸಾಕು, ಎರಡು ಸಂಜೆಯಲ್ಲಿ ಆಂಪ್ಲಿಫೈಯರ್ ತಯಾರು. 1959ರ ಅವರ ಸ್ಟೀರಿಯೋ 70 ಕಿಟ್ಟಿನ ಬೆಲೆ ಸುಮಾರು 100 ಡಾಲರು. ಅದನ್ನು ಇವತ್ತಿಗೂ ರಿಪೇರಿ ಮಾಡಿಕೊಂಡು ಕೇಳುವವರಿದ್ದಾರೆ.

1970ರ ಹೊತ್ತಿಗೆ ಅಮೆರಿಕ, ಜಪಾನ್‌ಗಳಲ್ಲಿ 'ಕ್ವಾಡ್ರಾಫೋನಿಕ್' ಅನ್ನುವ ಜ್ವರ ಏರಿತು. ಎರಡು ಸ್ಪೀಕರ್ ಸಾಲದು, ನಾಲ್ಕು ಬೇಕು. ಆದರೆ ಗ್ರಾಮಫೋನ್ ತಟ್ಟೆಯ ಒಂದು ಗೆರೆಯೊಳಗೆ ನಾಲ್ಕು ದನಿ ತುಂಬೋದು ಹೇಗೆ? ಸಿಬಿಎಸ್‌ನವರದ್ದು ಒಂದು ಪದ್ಧತಿ, ಸ್ಯಾನ್ಸುಯಿಯವರದ್ದು ಇನ್ನೊಂದು, ಜೆವಿಸಿಯವರದ್ದು ಮತ್ತೊಂದು. ಒಬ್ಬರ ತಟ್ಟೆ ಇನ್ನೊಬ್ಬರ ಡಿಕೋಡರಿನಲ್ಲಿ ಸರಿಯಾಗಿ ಬಾರದು. ಗಿರಾಕಿ ಡಿಕೋಡರೂ ಕೊಳ್ಳಬೇಕು, ಇನ್ನೊಂದು ಸ್ಟೀರಿಯೋ ಆಂಪ್ಲಿಫೈಯರೂ ಕೊಳ್ಳಬೇಕು, ತಟ್ಟೆಗಳನ್ನೂ ಹೊಸದಾಗಿ ಕೊಳ್ಳಬೇಕು. ಜನ ಬೇಸತ್ತರು. ಆ ದಶಕ ಮುಗಿಯುವ ಮುಂಚೆ ಎಲ್ಲವೂ ಮೂಲೆ ಸೇರಿತು.

ಈ ಗಲಾಟೆಯ ಮಧ್ಯೆ ಹ್ಯಾಫ್ಲರ್ ಹೇಳಿದ್ದು: ಡಿಕೋಡರ್ ಬೇಡ, ಎರಡನೆಯ ಆಂಪ್ಲಿಫೈಯರೂ ಬೇಡ. ಮೂರನೆಯ ಒಂದು ಸ್ಪೀಕರ್ ತಗೊಂಡು ಹಿಂದೆ ಇಡಿ. ಅದರ ಒಂದು ವೈರನ್ನು ಆಂಪ್ಲಿಫೈಯರಿನ ಎಡಗಡೆಯ ಪ್ಲಸ್ಸಿಗೂ, ಇನ್ನೊಂದನ್ನು ಬಲಗಡೆಯ ಪ್ಲಸ್ಸಿಗೂ ಕೊಡಿ. ಮುಗೀತು.

ಇದು ಹೇಗೆ ಕೆಲಸ ಮಾಡುತ್ತೆ? ಜೋಡೆತ್ತಿನ ನೊಗ ನೆನಪಿಸಿಕೊಳ್ಳಿ. ಎರಡೂ ಎತ್ತು ಒಂದೇ ಹೆಜ್ಜೆ ಹಾಕಿದರೆ ನೊಗ ನೇರವಾಗೇ ಇರುತ್ತದೆ, ಒಂದು ಮುಂದಾದರೆ ಮಾತ್ರ ಓರೆಯಾಗುತ್ತದೆ. ಹಿಂದಿನ ಸ್ಪೀಕರು ಈ ನೊಗದ ಥರ. ಎಡ ಬಲ ಎರಡರಲ್ಲೂ ಒಂದೇ ದನಿ ಬರುತ್ತಿದ್ದರೆ ಎರಡೂ ಪ್ಲಸ್ಸಿನ ವೋಲ್ಟೇಜು ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತದೆ, ಮಧ್ಯದ ಸ್ಪೀಕರಿನಲ್ಲಿ ಕರೆಂಟೇ ಹರಿಯೋದಿಲ್ಲ. ಎರಡರ ನಡುವೆ ವ್ಯತ್ಯಾಸ ಇದ್ದಾಗ, ಆ ವ್ಯತ್ಯಾಸ ಮಾತ್ರ ಹಿಂದಿನಿಂದ ಕೇಳಿಸುತ್ತದೆ. ಅಂದರೆ ಎಡದಿಂದ ಬಲವನ್ನು ಕಳೆದ ದನಿ. ಸಾಮಾನ್ಯವಾಗಿ ಹಾಡುವವರ ದನಿಯನ್ನು ಮಧ್ಯದಲ್ಲಿ ಇಟ್ಟಿರುತ್ತಾರೆ, ಅದು ಹಿಂದೆ ಕೇಳಿಸದು. ಸಭಾಂಗಣದ ಗೋಡೆಗಳಿಗೆ ಬಡಿದು ಬಂದ ಅನುರಣನ, ಚಪ್ಪಾಳೆ, ಕೆಮ್ಮು ಎರಡು ಮೈಕುಗಳಿಗೆ ಬೇರೆ ಬೇರೆಯಾಗಿ ತಲುಪಿರುತ್ತವೆ, ಅವು ಹಿಂದೆ ಕೇಳಿಸುತ್ತವೆ. ಕಚೇರಿಯ ಸಭಾಂಗಣವೇ ಬೆನ್ನ ಹಿಂದೆ ಬಂದು ಕೂತ ಹಾಗೆ! ಅದೂ ನಿಮ್ಮ ಹತ್ತಿರ ಈಗಾಗಲೇ ಇರುವ ತಟ್ಟೆಗಳಿಂದಲೇ.

ಬ್ರಯನ್ ಈನೋ ಅನ್ನುವ ಬ್ರಿಟಿಷ್ ಸಂಗೀತಗಾರ 1982ರಲ್ಲಿ 'ಆನ್ ಲ್ಯಾಂಡ್' ಅನ್ನುವ ತನ್ನ ಆಲ್ಬಮ್ಮಿನ ಕವರಿನ ಮೇಲೆ ಇದೇ ವೈರಿಂಗನ್ನು ವಿವರಿಸಿ, ಹೀಗೆ ಮೂರು ಸ್ಪೀಕರಿನಲ್ಲಿ ಕೇಳಿ ಅಂತ ಅಚ್ಚು ಹಾಕಿಸಿದ್ದ.

ಇಷ್ಟೇ ಆಗಿದ್ದರೆ ಇದೊಂದು ಜಾಣ ಹವ್ಯಾಸಿಯ ಕತೆಯಾಗಿ ಮುಗಿಯುತ್ತಿತ್ತು. ಆದರೆ 70ರ ದಶಕದ ಮಧ್ಯದಲ್ಲಿ ಡಾಲ್ಬಿ ಬಂದ. ಅಂದಹಾಗೆ ರೇ ಡಾಲ್ಬಿಗೂ ನಮ್ಮ ದೇಶಕ್ಕೂ ನಂಟಿದೆ. 1963ರಿಂದ 65ರವರೆಗೆ ಆತ ಯುನೆಸ್ಕೋ ಸಲಹೆಗಾರನಾಗಿ ಭಾರತದಲ್ಲಿದ್ದ, ಚಂಡೀಗಢದ ವೈಜ್ಞಾನಿಕ ಉಪಕರಣಗಳ ಸಂಸ್ಥೆಯಲ್ಲಿ. ಇಲ್ಲಿಂದ ಹೋಗಿ 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ತೆಗೆದ. ಕ್ಯಾಸೆಟ್ಟಿನ 'ಸುಯ್' ಅನ್ನೋ ಸದ್ದು ತೆಗೆಯೋದರಿಂದ ಹೆಸರಾದ ಈ ಕಂಪನಿ ಆಮೇಲೆ ಸಿನಿಮಾಕ್ಕೆ ಕೈ ಹಾಕಿತು. 35 ಎಂಎಂ ಫಿಲ್ಮಿನ ಅಂಚಿನಲ್ಲಿ ಇರುವ ಜಾಗದಲ್ಲಿ ಎರಡು ಧ್ವನಿಗೆರೆ ಮಾತ್ರ ಕೂರುತ್ತಿತ್ತು. ಬೇಕಿದ್ದಿದ್ದು ನಾಲ್ಕು: ಎಡ, ಮಧ್ಯ, ಬಲ, ಹಿಂದೆ. ಕ್ವಾಡ್ರಾಫೋನಿಕ್ ಜಗಳದಲ್ಲಿ ಹುಟ್ಟಿದ ಗಣಿತ ಇಲ್ಲಿ ಉಪಯೋಗಕ್ಕೆ ಬಂತು. ಮಧ್ಯದ ದನಿಯನ್ನು ಎರಡೂ ಗೆರೆಗೆ ಸಮನಾಗಿ ಹಾಕಿದರು. ಹಿಂದಿನ ದನಿಯನ್ನೂ ಎರಡೂ ಗೆರೆಗೆ ಹಾಕಿದರು, ಆದರೆ ಒಂದಕ್ಕೊಂದು ಉಲ್ಟಾ ಮಾಡಿ. ಎಡ ಬಲ ಕೂಡಿದರೆ ಮಧ್ಯದ್ದು ಸಿಗುತ್ತದೆ, ಕಳೆದರೆ ಹಿಂದಿನದ್ದು. 1977ರ 'ಸ್ಟಾರ್ ವಾರ್ಸ್' ಈ ಡಾಲ್ಬಿ ಸ್ಟೀರಿಯೋವನ್ನು ಮನೆಮಾತು ಮಾಡಿತು.

ಎಡದಿಂದ ಬಲ ಕಳೆಯೋದು.. ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಸ್ವಾರಸ್ಯ ಇರೋದೇ ಇಲ್ಲಿ. ಸಿನಿಮಾಗಳು ವಿಡಿಯೋ ಕ್ಯಾಸೆಟ್ಟಿಗೆ, ಟಿವಿಗೆ ಬಂದಾಗ ಅವೇ ಎರಡು ಗೆರೆಯ ಸ್ಟೀರಿಯೋ ದನಿಯೂ ಹಾಗೇ ಜೊತೆಯಲ್ಲಿ ಬಂತು. ಅದರೊಳಗೆ ನಾಲ್ಕು ಚಾನೆಲ್ ಅಡಗಿ ಕೂತಿರುವುದು ಯಾರಿಗೂ ಕಾಣದು. 1983-84ರಲ್ಲಿ ವಿಡಿಯೋ ಟೇಪುಗಳಲ್ಲಿ ಹೈಫೈ ಸ್ಟೀರಿಯೋ ಬಂದ ಮೇಲಂತೂ ಅದು ಅಚ್ಚುಕಟ್ಟಾಗಿ ಮನೆಯವರೆಗೂ ತಲುಪುತ್ತಿತ್ತು. 1982ರಲ್ಲಿ ಡಾಲ್ಬಿಯವರು ಮನೆಗೆ 'ಡಾಲ್ಬಿ ಸರೌಂಡ್' ಡಿಕೋಡರ್ ತಂದರಲ್ಲ, ಅದರ ಹೊಟ್ಟೆಯೊಳಗೆ ಏನಿತ್ತು ಅಂದುಕೊಂಡಿರಿ? ಎಡದಿಂದ ಬಲ ಕಳೆಯೋ ಸರ್ಕ್ಯೂಟು. ಜೊತೆಗೆ ಹಿಂದಿನ ದನಿಯನ್ನು ಸುಮಾರು 20 ಮಿಲಿಸೆಕೆಂಡ್ ತಡಮಾಡುವುದು, 7 ಕಿಲೋಹರ್ಟ್ಸ್‌ಗಿಂತ ಮೇಲಿನದ್ದನ್ನು ಕತ್ತರಿಸುವುದು, ಸ್ವಲ್ಪ ಸುಯ್ ಸದ್ದು ತೆಗೆಯೋದು. ತಡ ಯಾಕೆ ಅಂದ್ರೆ, ಒಂದೇ ದನಿ ಎರಡು ಕಡೆಯಿಂದ ಬಂದಾಗ ಮೊದಲು ತಲುಪಿದ ದಿಕ್ಕನ್ನೇ ನಮ್ಮ ಕಿವಿ ನಂಬುತ್ತದೆ. ಮುಂದಿನ ದನಿ ಹಿಂದಕ್ಕೆ ಸೋರಿದರೂ ಗೊತ್ತಾಗಬಾರದಲ್ಲ. ಒಳ್ಳೆ ಇಂಜಿನಿಯರಿಂಗೇ, ಕಡಿಮೆ ಅನ್ನೋದಿಲ್ಲ. ಆದರೆ ತಿರುಳು ಮಾತ್ರ ಹ್ಯಾಫ್ಲರನ ಒಂದು ತುಂಡು ವೈರು. ಡಿಕೋಡರ್ ಕೊಳ್ಳಲಾಗದವನು ಹಳೇ ಸ್ಪೀಕರೊಂದನ್ನು ಎರಡು ಪ್ಲಸ್ಸುಗಳ ಮಧ್ಯೆ ಸಿಕ್ಕಿಸಿದ್ದರೆ, ಹಿಂದಿನ ಚಾನೆಲ್ಲು ಅವನಿಗೂ ಕೇಳಿಸುತ್ತಿತ್ತು.

1987ರಲ್ಲಿ ಪ್ರೋ ಲಾಜಿಕ್ ಬಂತು, ಮಧ್ಯದ ಸ್ಪೀಕರೂ ಸೇರಿತು, ಚಾನೆಲ್ಲುಗಳನ್ನು ಬೇರ್ಪಡಿಸೋದು ಚುರುಕಾಯಿತು. ಆಮೇಲಿನದ್ದು ಎಲ್ಲರಿಗೂ ಗೊತ್ತಿರೋದೇ. 1992ರಲ್ಲಿ 'ಬ್ಯಾಟ್‌ಮನ್ ರಿಟರ್ನ್ಸ್' ಜೊತೆ ಡಾಲ್ಬಿ ಡಿಜಿಟಲ್, 1993ರಲ್ಲಿ 'ಜುರಾಸಿಕ್ ಪಾರ್ಕ್' ಜೊತೆ ಡಿಟಿಎಸ್, 1996ರ ಕೊನೆಗೆ ಜಪಾನಿನಲ್ಲಿ ಡಿವಿಡಿ.

ಇಲ್ಲಿ ನಮ್ಮ ಸೋದರಮಾವನ ಪ್ರವೇಶ :-) ಅರಸೀಕೆರೆ ಹತ್ತಿರ ಅವರದ್ದೊಂದು ರೇಡಿಯೋ-ಟಿವಿ ರಿಪೇರಿ ಅಂಗಡಿ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ, 2005-06ರ ಸುಮಾರು, ಬೇಸಿಗೆ ರಜೆಯಲ್ಲಿ ಅಲ್ಲೇ ಬಿದ್ದಿರುತ್ತಿದ್ದೆ. ಅಂಗಡಿಯಲ್ಲಿ '4440' ಅಂತ ಕರೆಯುತ್ತಿದ್ದ ಒಂದು ಬೋರ್ಡು. ಸ್ಯಾನ್ಯೋ ಕಂಪನಿಯ ಎಲ್ಎ 4440 ಐಸಿ, ಕಾರ್ ಸ್ಟೀರಿಯೋಗಳಿಗೆ ಅಂತ ಮಾಡಿದ್ದು, ಒಂದೊಂದು ಕಡೆ 6 ವ್ಯಾಟ್. ನಮ್ಮ ದೇಶದ ಆಟೋ, ಟ್ರ್ಯಾಕ್ಟರ್, ಹೋಟೆಲ್ಲು, ಗಣಪತಿ ಪೆಂಡಾಲುಗಳಲ್ಲಿ ಹಾಡಿದಷ್ಟು ಹಾಡನ್ನು ಆ ಐಸಿ ಜಪಾನಿನಲ್ಲಿ ಹಾಡಿರಲಾರದು. ಮಾವನ ಸ್ಪೀಕರ್ ಪೆಟ್ಟಿಗೆಗಳೋ, ಮಣ್ಣಿನ ಗಡಿಗೆಗಳು! ಗಡಿಗೆಯ ಬಾಯಿಗೆ ಆರಿಂಚಿನ ಸ್ಪೀಕರು ಕೂರಿಸಿ ಸುತ್ತ ಎಂ-ಸೀಲ್ ಮೆತ್ತಿದರೆ ಆಯಿತು.

ಒಂದು ದಿನ ಮಾವ ಮೂರನೆಯ ಗಡಿಗೆಯನ್ನು ಎರಡು ಕೆಂಪು ವೈರುಗಳ ಮಧ್ಯೆ ಕೊಟ್ಟು ಒಂದು ಹಳೇ ಚಿತ್ರಗೀತೆ ಹಾಕಿದರು. "ಇಲ್ಲಿ ಕಿವಿ ಕೊಡು. ಹಾಡೋರು ಎಲ್ಲಿ ಹೋದ್ರು ಹೇಳು?" ನಿಜಕ್ಕೂ ಆ ಗಡಿಗೆಯಲ್ಲಿ ಗಾಯಕರ ದನಿಯೇ ಇಲ್ಲ, ಪಿಟೀಲು, ಕೊಳಲು, ಪ್ರತಿಧ್ವನಿ ಮಾತ್ರ. "ಆರ್ಕೆಸ್ಟ್ರಾ ಹುಡುಗ್ರು ಪ್ರಾಕ್ಟೀಸಿಗೆ ಹಿಂಗೇ ಮಾಡ್ಕೊಳ್ತಾರೆ ಕಣೋ" ಅಂದರು. ಮಾವ ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಹ್ಯಾಫ್ಲರನ ಹೆಸರು ಕೇಳಿದವರಲ್ಲ. ಈ ಉಪಾಯ ಅವರಿಗೆ ಬಂದಿದ್ದು ಹಾಸನದ ಇನ್ನೊಬ್ಬ ರಿಪೇರಿಯವರಿಂದ, ಅವರಿಗೆ ಯಾರಿಂದಲೋ. ನಾನು ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ 'ಡಿಫರೆನ್ಷಿಯಲ್ ಸಿಗ್ನಲ್' ಅಂತ ಬರೆದು ಮಾರ್ಕ್ಸ್ ತಗೊಂಡೆ. ಅದು ಕಿವಿಗೆ ಹೇಗೆ ಕೇಳಿಸುತ್ತದೆ ಅಂತ ಮಾವ ನನಗೆ ಮೊದಲೇ ತೋರಿಸಿಯಾಗಿತ್ತು.

ಗಡಿಗೆಯನ್ನು ನೋಡಿ ನಗಬೇಡಿ. ಸ್ಪೀಕರಿನ ಕೋನು ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಕ್ಕೆ ಎಳೆಯುತ್ತಿರುತ್ತದೆ. ಬರೀ ಸ್ಪೀಕರನ್ನು ಟೇಬಲ್ಲಿನ ಮೇಲಿಟ್ಟರೆ ಮುಂದಿನದ್ದೂ ಹಿಂದಿನದ್ದೂ ಸೇರಿ ಬಾಸ್ ಸೊನ್ನೆಯಾಗುತ್ತದೆ. ಹಿಂದಿನ ಸದ್ದನ್ನು ಕೂಡಿ ಹಾಕಲು ಗಟ್ಟಿಯಾದ, ಅದುರದ ಗೋಡೆ ಬೇಕು. ಸುಟ್ಟ ಮಣ್ಣಿನ ದುಂಡನೆಯ ಗೋಡೆ ಗಟ್ಟಿಯೂ ಹೌದು, ಅಗ್ಗವೂ ಹೌದು. ಇದ್ದ ಒಂದೇ ತೊಂದರೆ ಅಂದರೆ ಎಷ್ಟು ಲೀಟರಿನ ಗಡಿಗೆಗೆ ಎಂಥ ಸ್ಪೀಕರು ಅನ್ನೋ ಲೆಕ್ಕ. ಮಾವ ಕಿವಿಯಿಂದಲೇ ಆರಿಸುತ್ತಿದ್ದರು. ಆ ಲೆಕ್ಕವನ್ನು ಕಾಗದದ ಮೇಲೆ ತಂದವರು ಆಸ್ಟ್ರೇಲಿಯಾದಲ್ಲಿದ್ದ ಇಬ್ಬರು. 1961ರಲ್ಲಿ ನೆವಿಲ್ ಥೀಲ್, ಪೆಟ್ಟಿಗೆಯೊಳಗಿನ ಸ್ಪೀಕರನ್ನು ಒಂದು ಎಲೆಕ್ಟ್ರಿಕಲ್ ಫಿಲ್ಟರಿನಂತೆ ನೋಡಿದರೆ ಬಾಸ್ ಎಲ್ಲಿಯವರೆಗೆ ಇಳಿಯುತ್ತದೆ ಅಂತ ಮೊದಲೇ ಹೇಳಬಹುದು ಎಂದು ತೋರಿಸಿದ. ಪ್ರಕಟವಾಗಿದ್ದು ಆಸ್ಟ್ರೇಲಿಯಾದ ಪತ್ರಿಕೆಯಲ್ಲಿ, ಅಮೆರಿಕದವರ ಕಣ್ಣಿಗೆ ಸರಿಯಾಗಿ ಬಿದ್ದಿದ್ದು ಹತ್ತು ವರ್ಷದ ಮೇಲೆ, 1971ರಲ್ಲಿ ಮರುಮುದ್ರಣವಾದಾಗ. ಸಿಡ್ನಿಯಲ್ಲಿ ಸಂಶೋಧನೆ ಮಾಡುತ್ತಿದ್ದ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದ. ಸ್ಪೀಕರ್ ಕಂಪನಿಗಳು ಮೂರ್ನಾಲ್ಕು ಅಂಕಿ ಅಚ್ಚು ಹಾಕಿದರೆ ಸಾಕು, ಮಿಕ್ಕಿದ್ದು ಕ್ಯಾಲ್ಕುಲೇಟರಿನ ಕೆಲಸ. ಅಷ್ಟರವರೆಗೆ ದೊಡ್ಡ ಕಂಪನಿಗಳ ಲ್ಯಾಬಿನೊಳಗಿದ್ದ ವಿದ್ಯೆ ಆಮೇಲೆ ಬಡಗಿಯ ಮನೆಗೆ ಬಂತು. ನನ್ನ ಪ್ರಕಾರ ಇಡೀ ಹೈಫೈ ಚರಿತ್ರೆಯಲ್ಲಿ ಕಾಸಿಲ್ಲದವನಿಗೆ ಆದ ಅತಿ ದೊಡ್ಡ ಉಪಕಾರ ಇದು.

ದೊಡ್ಡ ಅಪಕಾರ ಯಾವುದು ಅಂದ್ರೆ ಪಿಎಂಪಿಒ. ಹೌದು, ಡಬ್ಬದ ಮೇಲೆ ದಪ್ಪಕ್ಷರದಲ್ಲಿ 2200 ವ್ಯಾಟ್ ಪಿಎಂಪಿಒ ಅಂತಿರುತ್ತಿತ್ತಲ್ಲ, ಅದೇ. ನಮ್ಮ ಮನೆಗೆ ತಂದ ಒಂದು ಸೆಟ್ಟಿನ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿ 'ವಿದ್ಯುತ್ ಬಳಕೆ 45 ವ್ಯಾಟ್' ಅಂತಿತ್ತು. ಗೋಡೆಯಿಂದ 45 ಒಳಗೆ ಹೋಗಿ 2200 ಹೊರಗೆ ಬರೋದಾದರೆ ನಮ್ಮ ಕೆಪಿಸಿಎಲ್‌ನವರು ಜೋಗದಲ್ಲಿ ಯಾಕೆ ಕಷ್ಟಪಡಬೇಕಿತ್ತು, ನಾಲ್ಕು ಸ್ಪೀಕರ್ ಸೆಟ್ ಇಟ್ಟುಕೊಂಡರೆ ಸಾಕಿತ್ತು! ಅಮೆರಿಕದಲ್ಲಿ ಇಂಥ ಸುಳ್ಳು ಹೆಚ್ಚಾದಾಗ 1974ರಲ್ಲೇ ಸರ್ಕಾರ ಆಂಪ್ಲಿಫೈಯರಿನ ವ್ಯಾಟನ್ನು ಹೇಗೆ ಅಳೆಯಬೇಕು ಅಂತ ನಿಯಮ ಮಾಡಿತ್ತು. ನಿಜ ಏನಪ್ಪಾ ಅಂದ್ರೆ ಹತ್ತು-ಹನ್ನೆರಡು ಅಡಿಯ ಕೋಣೆಗೆ ಕೆಲವೇ ವ್ಯಾಟ್ ಸಾಕು. ವ್ಯಾಟ್ ಎರಡರಷ್ಟಾದರೆ ಏರೋದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ವ್ಯಾಟ್ ಬೇಕು. ಮಾವನ 6 ವ್ಯಾಟಿಗೆ ಪಕ್ಕದ ಮನೆಯ ಅಜ್ಜಿ ಬಂದು ಬೈಯುತ್ತಿದ್ದುದು ಸುಮ್ಮನೆ ಅಲ್ಲ.

ಈಗ ಹೆನ್ರಿ ಕ್ಲಾಸ್. ವಿಲ್ಚರನಿಂದ ಬೇರೆಯಾದ ಮೇಲೆ ಆತ ಕೆಎಲ್ಎಚ್, ಆಡ್ವೆಂಟ್ ಅಂತ ಒಂದಾದ ಮೇಲೊಂದು ಕಂಪನಿ ಕಟ್ಟಿದ, 1972ರಲ್ಲಿ ಮನೆಯೊಳಗೆ ಏಳಡಿ ಪರದೆ ಮೇಲೆ ಟಿವಿ ತೋರಿಸುವ ಪ್ರೊಜೆಕ್ಟರೂ ತಂದ. 1988ರಲ್ಲಿ ಶುರು ಮಾಡಿದ್ದು ಕೇಂಬ್ರಿಡ್ಜ್ ಸೌಂಡ್‌ವರ್ಕ್ಸ್, ಅಂಗಡಿಯವರ ಲಾಭ ತಪ್ಪಿಸಿ ಗಿರಾಕಿಗೆ ನೇರವಾಗಿ ಅಂಚೆಯಲ್ಲಿ ಸ್ಪೀಕರ್ ಮಾರಲು. 1997ರಲ್ಲಿ ಅದನ್ನು ಸಿಂಗಪುರದ ಕ್ರಿಯೇಟಿವ್‌ನವರು ಕೊಂಡರು, ಸೌಂಡ್ ಬ್ಲಾಸ್ಟರ್ ಕಾರ್ಡಿನವರು. ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಜೋಡಿಸಿಕೊಂಡವರ ಮೇಜಿನ ಮೇಲೆ ಕೂತ ಆ ಪುಟ್ಟ ಪೆಟ್ಟಿಗೆಗಳ ವಂಶ 1954ಕ್ಕೆ ಹೋಗಿ ಮುಟ್ಟುತ್ತದೆ.

ಕಂಪ್ಯೂಟರೇ ಆಮೇಲಿನ ಬಡವರ ಡಿಕೋಡರು. ಡಿವಿಡಿಯ 5.1 ಧ್ವನಿಯನ್ನು ಬಿಡಿಸಲು ದುಬಾರಿ ರಿಸೀವರ್ ಬೇಕು ಅನ್ನುತ್ತಿದ್ದ ಕಾಲದಲ್ಲೇ ಮಾಮೂಲಿ ಪೆಂಟಿಯಂಗಳು ಅದನ್ನು ಸಾಫ್ಟ್‌ವೇರಿನಲ್ಲಿ ಬಿಡಿಸತೊಡಗಿದವು. ಪ್ಯಾರಿಸ್ಸಿನ ಕಾಲೇಜು ಹುಡುಗರು ಶುರು ಮಾಡಿದ ವಿಎಲ್‌ಸಿ 2001ರಲ್ಲಿ ಮುಕ್ತ ತಂತ್ರಾಂಶವಾಯಿತು. ಅದೇ ಹೊತ್ತಿಗೆ ಮದರ್‌ಬೋರ್ಡಿನ ಮೇಲೇ ಆರು ಚಾನೆಲ್ಲಿನ ಚಿಪ್ಪು ಬಂತು. ಹಿಂದುಗಡೆ ಮೂರು ತೂತು: ಹಸಿರು, ನೀಲಿ, ಗುಲಾಬಿ. ಸೆಟ್ಟಿಂಗಿನಲ್ಲಿ 5.1 ಅಂತ ಒತ್ತಿದರೆ ಲೈನ್-ಇನ್ ತೂತು ಹಿಂದಿನ ಸ್ಪೀಕರುಗಳಿಗೆ, ಮೈಕಿನ ತೂತು ಮಧ್ಯ ಮತ್ತು ಸಬ್‌ವೂಫರಿಗೆ. ನಾನು ಹಾಸ್ಟೆಲ್ಲಿನಲ್ಲಿದ್ದಾಗ ರೂಮಿಗೊಂದು ಜೊತೆ ಅಂತ ಮೂರು ರೂಮಿನ ಹಳೇ ಕಂಪ್ಯೂಟರ್ ಸ್ಪೀಕರುಗಳನ್ನು ಸೇರಿಸಿ, ಸೀನಿಯರ್ ಬಿಟ್ಟುಹೋದ ಡಬ್ಬದಂಥ ಪಿಸಿಗೆ ಸಿಕ್ಕಿಸಿ ಸಿನಿಮಾ ನೋಡುತ್ತಿದ್ದೆವು. ಖರ್ಚು: ಎರಡು ಉದ್ದನೆಯ ಕೇಬಲ್ಲು. 2017ರಲ್ಲಿ ಡಾಲ್ಬಿ ಡಿಜಿಟಲ್ಲಿನ ಪೇಟೆಂಟುಗಳೂ ಮುಗಿದು, ಆ ಡಿಕೋಡರನ್ನು ಯಾರು ಬೇಕಾದರೂ ಬರೆದು ಹಂಚಬಹುದಾಯಿತು.

ಹ್ಯಾಫ್ಲರನ ವೈರನ್ನು ಮನೆಯಲ್ಲಿ ನೀವೇ ಹಾಕಿ ನೋಡುವವರಿಗೆ ಒಂದೆರಡು ಮಾತು. ಆಂಪ್ಲಿಫೈಯರಿನ ಎಡ ಬಲ ಎರಡರ ಮೈನಸ್ಸೂ ಒಂದೇ ಗ್ರೌಂಡ್ ಆಗಿರಬೇಕು. ಹಳೇ ಸ್ಟೀರಿಯೋ ಸೆಟ್ಟುಗಳು, ಟಿಡಿಎ 2030 ಬೋರ್ಡುಗಳು, ಸ್ಟೀರಿಯೋ ಆಗಿ ಕಟ್ಟಿದ 4440 ಹೀಗೇ ಇರುತ್ತವೆ. ಈಗ ಅಗ್ಗಕ್ಕೆ ಸಿಗುವ ಕ್ಲಾಸ್-ಡಿ ಬೋರ್ಡುಗಳಲ್ಲಿ ಹೆಚ್ಚಿನವು 'ಬ್ರಿಡ್ಜ್' ಮಾದರಿಯವು, ಅವುಗಳಲ್ಲಿ ಮೈನಸ್ ಅನ್ನೋದು ಗ್ರೌಂಡೇ ಅಲ್ಲ. ಅವುಗಳಿಗೆ ಈ ವೈರು ಖಂಡಿತ ಬೇಡ, ಐಸಿ ಸುಟ್ಟುಹೋದೀತು. ಹಿಂದೆ ಒಂದರ ಬದಲು ಎರಡು 8 ಓಮ್ ಸ್ಪೀಕರುಗಳನ್ನು ಸರಣಿಯಲ್ಲಿ ಹಾಕಿದರೆ ಆಂಪ್ಲಿಫೈಯರಿಗೆ ಭಾರವೂ ಕಡಿಮೆ. ಟಿವಿಯ ಹೆಡ್‌ಫೋನ್ ತೂತಿನಿಂದ ಆಂಪ್ಲಿಫೈಯರಿಗೆ ಕೊಟ್ಟು, 80-90ರ ದಶಕದ ಯಾವುದಾದರೂ ಡಾಲ್ಬಿ ಸ್ಟೀರಿಯೋ ಚಿತ್ರದ ಎರಡು ಚಾನೆಲ್ಲಿನ ಪ್ರತಿ ಹಾಕಿ. ಮಾತೆಲ್ಲ ಮುಂದೆ ಉಳಿದು, ಮಳೆ ಹಿಂದೆ ಸುರಿಯುತ್ತದೆ.